ಆಮ್ಲಕ್ಕೊಂದು ಬಾಗಿಲು, ಕ್ಷಾರಕ್ಕೊಂದು ಬಾಗಿಲು

ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲಿ ಓಡಾಡುವವರಿಗೆ ವಿಮಾನಪುರ ಚಿರಪರಿಚಿತ. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ವಿಮಾನ ಕಾರ್ಖಾನೆ ಆರಂಭಿಸಿದ್ದು ಇಲ್ಲಿಯೇ. ತಲೆಯೆತ್ತಿ ವಿಮಾನ ನೋಡುವ ಮಕ್ಕಳಿಗೆ ರೆಕ್ಕೆ ಗೊತ್ತು, ಎಂಜಿನ್ ಗೊತ್ತು. ಅದರೊಳಗೊಂದು ಬ್ಯಾಟರಿಯೂ ಇದೆ, ವಿಮಾನ ದುರಸ್ತಿಯ ದೊಡ್ಡ ತಾಣಗಳಲ್ಲಿ ಅದಕ್ಕೆಂದೇ ಪ್ರಯೋಗಾಲಯವಿರುತ್ತದೆ ಎಂಬುದು ಮಾತ್ರ ಹೊಳೆಯುವುದಿಲ್ಲ.

2008ರ ಜನವರಿ 7ರಂದು ಕ್ವಾಂಟಾಸ್ ಸಂಸ್ಥೆಯ 747 ವಿಮಾನ ಬ್ಯಾಂಕಾಕ್ ಸಮೀಪಿಸುತ್ತಿತ್ತು. ಅಡುಗೆ ಕಟ್ಟೆಯ ನೀರು ಸೋರಿ ಕೆಳಗಿನ ವಿದ್ಯುತ್ ಪೆಟ್ಟಿಗೆಗಳಿಗೆ ಇಳಿಯಿತು. ನಾಲ್ಕು ಜನರೇಟರುಗಳಲ್ಲಿ ಮೂರರ ವಿದ್ಯುತ್ ನಿಂತಿತು. ಮುಖ್ಯ ಉಪಕರಣಗಳನ್ನು ನಡೆಸಿ ವಿಮಾನವನ್ನು ಕ್ಷೇಮವಾಗಿ ಇಳಿಸಲು ನೆರವಾದದ್ದು ಬ್ಯಾಟರಿ.

ಇಂಥ ಪ್ರಯೋಗಾಲಯವನ್ನು ಯೋಜಿಸುವವರು ಮೊದಲು ಎಳೆಯಬೇಕಾದ ಗೆರೆ ಎರಡು ಕೋಣೆಗಳ ನಡುವಿನ ಗೋಡೆ. ಸೀಸದ ಬ್ಯಾಟರಿಯಲ್ಲಿರುವುದು ಗಂಧಕಾಮ್ಲ. ನಿಕಲ್-ಕ್ಯಾಡ್ಮಿಯಮ್ ಬ್ಯಾಟರಿಯಲ್ಲಿರುವುದು ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಎಂಬ ಕ್ಷಾರ. ಆಮ್ಲದ ಹಬೆ ಸೋಕಿದರೂ ಕ್ಷಾರದ ಕೋಶ ಕೆಡುತ್ತದೆ. ಆದ್ದರಿಂದ ಆಲಿಕೆ, ಸಾಂದ್ರತಾಮಾಪಕ, ಗಾಳಿ ಹೊರದೂಡುವ ಫ್ಯಾನು ಎಲ್ಲವೂ ಬೇರೆ ಬೇರೆ. ಖರ್ಚು ಉಳಿಸಲು ಎರಡಕ್ಕೂ ಒಂದೇ ಫ್ಯಾನು ಸಾಕೆನ್ನುವುದು ಜಾಣತನವಲ್ಲ. ಚಾರ್ಜ್ ಮಾಡುವಾಗ ಜಲಜನಕ ಹೊಮ್ಮುತ್ತದೆ. ಗಾಳಿಯಲ್ಲಿ ಅದು ಶೇಕಡಾ 4 ಮುಟ್ಟಿದರೆ ಒಂದು ಕಿಡಿ ಸಾಕು. ಹಗುರ ಅನಿಲವಾದ್ದರಿಂದ ಗಾಳಿಕಿಂಡಿ ಚಾವಣಿಯ ಬಳಿ ಇರಬೇಕು, ಕಂಪ್ಯೂಟರ್ ಗಾಜಿನ ಗೋಡೆಯಾಚೆ ಕೂರಬೇಕು.

ಕಂಪ್ಯೂಟರಿಗೇನು ಕೆಲಸ? ಸಾಮಾನ್ಯವಾಗಿ ಒಂದು ನಿಕಲ್-ಕ್ಯಾಡ್ಮಿಯಮ್ ಬ್ಯಾಟರಿಯಲ್ಲಿ 20 ಕೋಶಗಳು, ತಲಾ 1.2 ವೋಲ್ಟ್, ಒಟ್ಟು 24. ಒಂದು ಕೋಶ ಪೂರ್ತಿ ಸತ್ತರೂ ಉಳಿದ ಹತ್ತೊಂಬತ್ತು ಸೇರಿ 22.8 ತೋರಿಸುತ್ತವೆ. ತರಗತಿಯ ಸರಾಸರಿ ಚೆನ್ನಾಗಿದ್ದರೆ ನಪಾಸಾದ ಹುಡುಗ ಕಣ್ಣಿಗೆ ಬೀಳದ ಹಾಗೆ! ಮೊದಲೆಲ್ಲ ಕೆಲಸಗಾರ ಮೀಟರು, ಪೆನ್ಸಿಲು ಹಿಡಿದು ಕೋಶದಿಂದ ಕೋಶಕ್ಕೆ ಹೋಗಬೇಕಿತ್ತು. ಇಪ್ಪತ್ತನೆಯದನ್ನು ಮುಟ್ಟುವ ಹೊತ್ತಿಗೆ ಮೊದಲನೆಯದರ ಅಂಕಿ ಬದಲಾಗಿರುತ್ತಿತ್ತು. ಈಗ ಪ್ರತಿ ಕೋಶಕ್ಕೂ ಒಂದು ತಂತಿ. ಬ್ಯಾಟರಿಯನ್ನು ಬರಿದುಮಾಡುವಾಗ ಯಾವ ಕೋಶ ಎಲ್ಲಕ್ಕಿಂತ ಮೊದಲು 1 ವೋಲ್ಟಿಗೆ ಕುಸಿಯಿತೆಂದು ಪರದೆಯ ಮೇಲಿನ ಗೆರೆಯೇ ಹೇಳುತ್ತದೆ.

ಆದರೂ ಕೈಕೆಲಸ ತಪ್ಪಿಲ್ಲ. ಸಡಿಲವಾದ ನಟ್ಟು ಬಿಗಿಮಾಡಬೇಕು. ಚಾರ್ಜ್ ಮುಗಿಯುತ್ತ ಬಂದಾಗಲೇ ಶುದ್ಧೀಕರಿಸಿದ ನೀರು ಹಾಕಬೇಕು; ಮೊದಲೇ ಹಾಕಿದರೆ ದ್ರವ ಏರಿ ಹೊರಚೆಲ್ಲುತ್ತದೆ. ಆಮ್ಲದ ಕೋಣೆಯಲ್ಲಿ ಚೆಲ್ಲಿದ್ದನ್ನು ತಟಸ್ಥಗೊಳಿಸಲು ಅಡುಗೆ ಸೋಡಾ, ಕ್ಷಾರದ ಕೋಣೆಯಲ್ಲಿ ಬೋರಿಕ್ ಆಮ್ಲದ ದ್ರಾವಣ. ಕಣ್ಣಿಗೆ ಸಿಡಿದರೆ ಮಾತ್ರ ಎರಡೂ ಕಡೆ ಒಂದೇ ಮದ್ದು: ಧಾರಾಳವಾಗಿ ಸುರಿಯುವ ನೀರು. ನಲ್ಲಿ ಬಾಗಿಲ ಪಕ್ಕದಲ್ಲೇ ಇರಬೇಕು.