ಫೈನ್ ಕಟ್ಟಬಹುದು, ಡಿಬಾರ್ ಆಗೋಕಾಗುತ್ತಾ?

ಹಾಸ್ಟೆಲ್ ಫೈನನ್ನು ಯಾರು ಕಟ್ಟಿದರೂ ನಡೆಯುತ್ತೆ. ರೂಮ್‌ಮೇಟ್ ಫೋನ್‌ಪೇ ಮಾಡಿದರೂ ರಸೀದಿ ಕೊಡ್ತಾರೆ. ಆದರೆ ಕಾಪಿ ಹೊಡೆದು ಸಿಕ್ಕಿಬಿದ್ದವನ ಬದಲು ‘ನನ್ನನ್ನ ಡಿಬಾರ್ ಮಾಡಿ ಸರ್’ ಅಂತ ಗೆಳೆಯ ಹೋಗಿ ನಿಂತರೆ ಯಾರೂ ಒಪ್ಪಲ್ಲ. ಪ್ರಾಕ್ಸಿ ಹಾಕೋದರಲ್ಲಿ ಪಳಗಿದ ನಾವು ಕೂಡ!

ಈ ಸೆಮಿಸ್ಟರ್ ನಮ್ಮ ರೂಮಿನಲ್ಲಿ ಎಷ್ಟೋ ರಾತ್ರಿ ಇದೇ ಚರ್ಚೆ. ನಮ್ಮಲ್ಲೊಬ್ಬ ಕ್ರೈಸ್ತ. ಮನುಷ್ಯರ ಪಾಪಕ್ಕೆ ಬರಬೇಕಿದ್ದ ಶಿಕ್ಷೆಯನ್ನು ಯೇಸು ಶಿಲುಬೆಯ ಮೇಲೆ ತಾವೇ ಅನುಭವಿಸಿದರು, ಆದ್ದರಿಂದ ನಮಗೆ ಬಿಡುಗಡೆ ಅನ್ನೋದು ಅವನು ಬೆಳೆದ ಸಭೆಯ ಬೋಧನೆ. ಕ್ರೈಸ್ತರೆಲ್ಲ ಹೀಗೇ ಹೇಳಲ್ಲ. 11ನೇ ಶತಮಾನದ ಕೊನೆಗೆ ಆನ್ಸೆಲ್ಮ್ ಬರೆದದ್ದು ದೇವರಿಗೆ ಸಲ್ಲದೇ ಹೋದ ಗೌರವವನ್ನು ತುಂಬಿಕೊಡುವ ಬಗ್ಗೆ. ಅದು ಶಿಕ್ಷೆಯ ಭಾಷೆಗೆ ಗಟ್ಟಿಯಾಗಿ ತಿರುಗಿದ್ದು 16ನೇ ಶತಮಾನದಲ್ಲಿ, ಕ್ಯಾಲ್ವಿನ್ ಮುಂತಾದವರಿಂದ.

1794ರಲ್ಲಿ ಥಾಮಸ್ ಪೇನ್ ಎತ್ತಿದ ಆಕ್ಷೇಪ ನಮ್ಮ ಫೈನ್ ಲೆಕ್ಕದಷ್ಟೇ ಸರಳ: ಸಾಲವನ್ನು ಇನ್ನೊಬ್ಬ ತೀರಿಸಬಹುದು, ಅಪರಾಧವನ್ನಲ್ಲ. ನಿರಪರಾಧಿ ತಾನಾಗೇ ಮುಂದೆ ಬಂದರೂ ಅವನನ್ನು ಶಿಕ್ಷಿಸೋದು ನ್ಯಾಯವಲ್ಲ. 1594ರಲ್ಲಿ ಅಚ್ಚಾದ ಪುಸ್ತಕದಲ್ಲಿ ಇಟಲಿಯ ಸೊಸಿನಸ್ ಇದನ್ನೇ ಬೇರೆ ಕಡೆಯಿಂದ ಹಿಡಿದಿದ್ದ. ಬಾಕಿ ಪೂರ್ತಿ ಚುಕ್ತಾ ಆಗಿದ್ದರೆ ಕ್ಷಮಿಸೋಕೆ ಏನು ಉಳಿಯಿತು? ಕ್ಷಮಿಸಿದ್ದರೆ ಚುಕ್ತಾ ಯಾಕೆ ಬೇಕಿತ್ತು? ನಮಗೆ ಇದು ಪೇನ್ ಮಾತಿಗಿಂತ ಹರಿತ ಅನಿಸುತ್ತೆ.

ಇನ್ನೊಬ್ಬ ಆಸಾಮಿ ಡೇವಿಡ್ ಲೂಯಿಸ್, ದೇವರನ್ನು ನಂಬದ ಅಮೆರಿಕನ್ ತತ್ತ್ವಜ್ಞಾನಿ. 1997ರಲ್ಲಿ ಅವನು ಪ್ರಶ್ನೆಯನ್ನು ನಮ್ಮ ಕಡೆಗೇ ತಿರುಗಿಸಿದ. ದಂಡವೂ ಶಿಕ್ಷೆಯೇ ತಾನೇ? ಅದನ್ನು ಗೆಳೆಯ ಕಟ್ಟಿದರೆ ಸುಮ್ಮನಿರುವ ನೀವು ಕ್ರೈಸ್ತರನ್ನಷ್ಟೇ ಯಾಕೆ ಕೇಳ್ತೀರಿ ಅಂತ. ಒಳ್ಳೆ ಪ್ರಶ್ನೆ. ಆದರೆ ಇದರಿಂದ ತಪ್ಪು ಅಂತ ಗೊತ್ತಾಗೋದು ಫೈನ್ ಪದ್ಧತಿ, ಶಿಲುಬೆಯ ಲೆಕ್ಕ ಸರಿ ಅಂತೇನೂ ಆಗಲ್ಲ.

ನಮ್ಮ ಗೆಳೆಯನ ಉತ್ತರವೂ ಸಣ್ಣದಲ್ಲ. ‘ಯಾರೋ ಮೂರನೆಯವನನ್ನ ಹಿಡಿದು ತಂದಿದ್ದಲ್ಲ ಕಣ್ರೋ, ನ್ಯಾಯಾಧೀಶನೇ ಕುರ್ಚಿ ಬಿಟ್ಟು ಕೆಳಗಿಳಿದು ಬಂದಿದ್ದು.’ ಅವನ ಅಜ್ಜಿ ತೀರಿಕೊಂಡಾಗ ಮನೆಯವರನ್ನ ಹಿಡಿದು ನಿಲ್ಲಿಸಿದ್ದು ಇದೇ ನಂಬಿಕೆ. ಅದನ್ನು ಗೊತ್ತಿದ್ದೂ ವಾದ ಗೆಲ್ಲೋ ಹಟ ನಮಗಿಲ್ಲ.

ಆದರೂ ಕೇಳಿದೆವು: ಸೀನಿಯರ್ ಒಬ್ಬ ಜೂನಿಯರ್‌ಗೆ ರ‍್ಯಾಗಿಂಗ್ ಮಾಡಿದ. ನ್ಯಾಯಾಧೀಶ ತಾನೇ ಪೆಟ್ಟು ತಿಂದು ಸೀನಿಯರನ್ನ ಬಿಟ್ಟ. ಆ ಜೂನಿಯರ್‌ನ ಯಾರು ಕೇಳಿದರು?

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮತ್ತಾಯನ ಸುವಾರ್ತೆ ತೆಗೆದು 5ನೇ ಅಧ್ಯಾಯ ತೋರಿಸಿದ. ಕಾಣಿಕೆಯನ್ನು ಅಲ್ಲೇ ಬಿಟ್ಟು, ಮೊದಲು ಹೋಗಿ ನಿನ್ನ ಸಹೋದರನ ಜೊತೆ ರಾಜಿಯಾಗು ಅಂತ ಯೇಸು ಹೇಳುವ ಜಾಗ. ‘ಈ ಮಾತು ಶಿಲುಬೆಗಿಂತ ಮೊದಲಿನದು’ ಅಂದ. ಲೈಟ್ ಆರಿಸಿದ ಮೇಲೂ ಯಾರೂ ಮಲಗಿರಲಿಲ್ಲ.