ತೋಪಿನ ಮದ್ದು, ಮೀನಿನ ತೊಟ್ಟಿ

“ಮಾಮಾ, ಹೊಸಾ ಟ್ಯಾಂಕಿನ್ಯಾಗ ಮೀನಾ ಮ್ಯಾಲ ಬಂದು ಬಾಯಿ ಬಾಯಿ ಬಿಡಾಕತ್ತಾವ. ವಾರಕ್ಕೊಮ್ಮೆ ಪೂರಾ ನೀರ ಬದ್ಲಿ ಮಾಡ್ತೀನಿ, ದಿನಾ ಫಿಲ್ಟರಿನ ಸ್ಪಂಜ ನಳದ ಬುಡಕ ಹಿಡದು ತಿಕ್ಕಿ ತೊಳೀತೀನಿ. ಇನ್ನೆಷ್ಟ ಸ್ವಚ್ಛ ಇಡ್ಲಿ?” ಇಂಡಿಯಿಂದ ತಂಗಿಯ ಮಗ ಫೋನಿನಲ್ಲಿ ಗೋಳಾಡುತ್ತಿದ್ದರೆ ನನ್ನ ಕಣ್ಣ ಮುಂದೆ ಬಂದದ್ದು ಮೀನಲ್ಲ, ಬಸವನ ಬಾಗೇವಾಡಿ ಕಡೆಯ ನಮ್ಮಜ್ಜನ ಮನೆಯ ಗ್ವಾದಲಿ ಗೋಡೆ.

ಮಣ್ಣಿನ ಗೋಡೆ. ಬೇಸಿಗೆ ಬಂತೆಂದರೆ ಅದರ ಬುಡದಲ್ಲಿ ಬಿಳಿ ಉಪ್ಪು ಹತ್ತಿಯ ಎಳೆಯ ಹಾಗೆ ಅರಳುತ್ತಿತ್ತು. ಎತ್ತು ನೆಕ್ಕಿ ನೆಕ್ಕಿ ಅಲ್ಲೊಂದು ಕುಳಿಯೇ ಬಿದ್ದಿತ್ತು. ನಾವೂ ಉಗುರಲ್ಲಿ ಕೆರೆದು ನಾಲಿಗೆಗಿಟ್ಟುಕೊಳ್ಳುತ್ತಿದ್ದೆವು, ತಣ್ಣಗೆ, ಕಹಿ. ಒಲೆಯ ಕೆಂಡಕ್ಕೆ ಉದುರಿಸಿದರೆ ಚಿಟಚಿಟ ಕಿಡಿ, ಹಿಂದೆಯೇ ಅಜ್ಜಿಯ ಬೈಗುಳ. ಅದು ಪೆಟ್ಲುಪ್ಪು. ದನದ ಗಂಜಲದ ಅಮೋನಿಯಾವನ್ನು ಮಣ್ಣಿನ ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡಿ ಕೊಟ್ಟ ಉಪ್ಪು.

ತೋಪಿನ ಮದ್ದಿನಲ್ಲಿ ಮುಕ್ಕಾಲು ಪಾಲು ಇದೇ. ಉಳಿದ ಕಾಲು ಭಾಗ ಇದ್ದಿಲು, ಗಂಧಕ. ವಿಜಯಪುರದ ಮಲಿಕ್-ಎ-ಮೈದಾನ್ ತೋಪು ಎರಕಗೊಂಡದ್ದು 1549ರಲ್ಲಿ, ಅಹಮದ್‌ನಗರದಲ್ಲಿ. ತೂಕ ಸುಮಾರು 55 ಟನ್. 1632ರಲ್ಲಿ ಅದು ಇತ್ತ ಬಂದ ಮೇಲೆ ಅದರ ಹೊಟ್ಟೆ ತುಂಬಿಸಿದ್ದು ಇಂಡಿ, ಸಿಂದಗಿ, ಮುದ್ದೇಬಿಹಾಳದ ದನಗಳೇ ಎಂದು ನಾನು ನಂಬಿದ್ದೇನೆ. ದಾಖಲೆ ಕೇಳಿದರೆ ಎತ್ತು ನೆಕ್ಕಿದ ಆ ಕುಳಿಯನ್ನೇ ತೋರಿಸಬೇಕು. ಬತ್ತಿ ಹಚ್ಚಿದವನು ಸದ್ದಿಗೆ ಕಿವಿ ಹೋಗದಿರಲೆಂದು ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗುತ್ತಿದ್ದನಂತೆ, ಗೈಡುಗಳ ಮಾತು. ಅವನೂ ಮೇಲೆ ಬಂದು ಬಾಯಿ ಬಾಯಿ ಬಿಟ್ಟಿರಬೇಕು!

ಈ ಉಪ್ಪು ಜೀವಿಗಳ ಕೆಲಸವೆಂದು ತೋರಿಸಿಕೊಟ್ಟದ್ದು 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಜ್. ಚರಂಡಿ ನೀರನ್ನು ಮರಳು, ಸುಣ್ಣಕಲ್ಲು ತುಂಬಿದ ಕೊಳವೆಯಲ್ಲಿ ಮೆಲ್ಲಗೆ ಇಳಿಸಿದರು. 20 ದಿನ ಏನೂ ಆಗಲಿಲ್ಲ. ಆಮೇಲೆ ನೈಟ್ರೇಟ್ ಬರತೊಡಗಿತು. ಕ್ಲೋರೋಫಾರ್ಮ್ ಹಾಯಿಸಿದರು, ನಿಂತಿತು. ಆ 20 ದಿನ ಅವರು ಕೊಳವೆ ತೊಳೆಯದೆ ಸುಮ್ಮನಿದ್ದರಲ್ಲ, ನನಗೆ ಅದೇ ದೊಡ್ಡದು.

ನಮ್ಮ ಅಳಿಯನ ಸ್ಪಂಜಿನಲ್ಲಿ ನೆಲೆಯೂರಬೇಕಾದವೂ ಇವೇ ಜೀವಿಗಳು. ನಳದ ಕ್ಲೋರಿನ್ ಅವನ್ನು ದಿನಾ ಕೊಲ್ಲುತ್ತದೆ. ಮೀನೇ ಬಿಟ್ಟ ಅಮೋನಿಯಾ ನೀರಲ್ಲೇ ಉಳಿದು ಅದರ ಕಿವಿರು ಸುಡುತ್ತದೆ. ನೀರು ಕ್ಷಾರವಾದಷ್ಟೂ, ಬಿಸಿಯಾದಷ್ಟೂ ಆ ವಿಷ ಹೆಚ್ಚು. ನಮ್ಮ ಸೀಮೆಯಲ್ಲಿ ಎರಡಕ್ಕೂ ಬರವಿಲ್ಲ.

ಹೊಸ ತೊಟ್ಟಿ ಇಟ್ಟವರು 4ರಿಂದ 6 ವಾರ ತಾಳಿಕೊಳ್ಳಿ. ಮೀನು ಕಡಿಮೆ ಬಿಡಿ, ಕಾಳು ಚಿಟಿಕೆಯಷ್ಟೇ ಹಾಕಿ. ನೀರು ಪೂರಾ ಚೆಲ್ಲದೆ ಕಾಲು ಭಾಗ ಬದಲಿಸಿ, ಅದೂ ಒಂದೆರಡು ದಿನ ಬಕೆಟ್ಟಿನಲ್ಲಿಟ್ಟು ಕ್ಲೋರಿನ್ ಹೋದ ನೀರು. ಹಳೆಯ ತೊಟ್ಟಿ ಇದ್ದವರ ಮನೆಯಿಂದ ಒಂದು ತುಂಡು ಕೊಳೆ ಸ್ಪಂಜು ಬೇಡಿ ತನ್ನಿ. ನಿಮ್ಮ ಸ್ಪಂಜನ್ನು ತೊಳೆಯಲೇಬೇಕೆಂದರೆ ತೊಟ್ಟಿಯಿಂದ ತೆಗೆದ ನೀರಿನಲ್ಲೇ ಒಮ್ಮೆ ಹಿಂಡಿ, ಸಾಕು.