ಹಳ್ಳಕ್ಕೆ ಹೋಗುವ ಹಾಸಿಗೆ

ನಮ್ಮ ಕಡೆ ಮಹಾನವಮಿ ಹತ್ತಿರ ಬಂತೆಂದರೆ ದೇವರಿಗಿಂತ ಮೊದಲು ನೆನಪಾಗುತ್ತಿದ್ದದ್ದು ಹಾಸಿಗೆ. ಘಟ ಹಾಕುವುದರೊಳಗೆ ಮನೆಯ ಅಷ್ಟೂ ಕೌದಿಗಳು ಒಗೆದು, ಒಣಗಿ, ಮಡಿಚಿ ಒಟ್ಟಿರಬೇಕು. ಅಂಥ ಹೊತ್ತಿಗೆ ಭಾದ್ರಪದದ ಬಿಸಿಲು ಕೈಕೊಟ್ಟಿತೋ, ಹೆಂಗಸರು ಮಳೆರಾಯನ ಮನೆತನವನ್ನೇ ಜಾಲಾಡಿಬಿಡುತ್ತಿದ್ದರು.

ಗಾದಿಗೆ ಈ ಯೋಗವಿಲ್ಲ. ಅದರೊಳಗೆ ಅರಳೆ, ನೀರು ತಾಗಿದರೆ ಗಂಟು ಕಟ್ಟುತ್ತದೆ. ಕೌದಿಯೊಳಗೆ ಇರುವುದೆಲ್ಲ ಹಳೆ ಸೀರೆ, ಧೋತರ, ಪರಕಾರ. ಹಾಗಾಗಿ ಚಕ್ಕಡಿ ಹತ್ತಿ ಹಳ್ಳಕ್ಕೆ ಹೋಗುವ ಭಾಗ್ಯ ಅದಕ್ಕೆ. ಸೋಡಾ ಉದುರಿಸಿ ಬಂಡೆಯ ಮೇಲೆ ತುಳಿಯುವುದು ಹುಡುಗರ ಕೆಲಸ. ಬಡಿಯಲು ಅವ್ವ ಬಿಡುತ್ತಿರಲಿಲ್ಲ. ‘ತುಳೀರಿ, ಬಡೀಬ್ಯಾಡ್ರಿ. ದಾರ ಕಿತ್ತು ಬಂದ್ರ ನೀವ್ ಕುಂತು ಹೊಲಿತೀರೇನು?’ ಅಷ್ಟು ತುಂಡುಗಳನ್ನೂ ಹಿಡಿದಿಟ್ಟಿರುವುದು ಬೆರಳಂತರದ ಆ ಸಾಲು ಹೊಲಿಗೆಯೊಂದೇ.

ಹಿಂಡುವುದಕ್ಕೆ ಇಬ್ಬರು ಬೇಕು. ಎದುರುಬದುರು ನಿಂತು ಇಬ್ಬರೂ ತಂತಮ್ಮ ಬಲಕ್ಕೇ ತಿರುವಬೇಕು. ಒಬ್ಬರು ಎಡಕ್ಕೆ ತಿರುವಿದರೆ ಕೌದಿ ಗಿರಿಗಿರಿ ಸುತ್ತುತ್ತದೆ, ನೀರು ಇಳಿಯುವುದಿಲ್ಲ. ಮಾತು ಬಿಟ್ಟ ಅತ್ತೆ-ಸೊಸೆಯರು ‘ಬಲಕ್ಕ, ಬಲಕ್ಕ’ ಎಂದೇ ಮತ್ತೆ ಮಾತು ಶುರುಮಾಡಿದ್ದುಂಟು. ಸಿಟ್ಟು ಇನ್ನೂ ಇಳಿಯದವರ ಕೈಗೆ ಮಾತ್ರ ಕೌದಿ ಕೊಡಬಾರದು. ಅತಿಯಾಗಿ ಹಿಂಡಿದರೂ ದಾರ ಹರಿಯುತ್ತದೆ.

ಬಣ್ಣದ ಕಥೆ ಬೇರೆ. ನಮ್ಮ ಮನೆಯ ಒಂದು ಕೌದಿಯಲ್ಲಿ ಅಜ್ಜಿಯ ಇಳಕಲ್ ಸೀರೆಯ ಕೆಂಪು ಸೆರಗಿನ ಮಗ್ಗುಲಿಗೇ ಅಜ್ಜನ ಬಿಳಿ ಧೋತರದ ತುಂಡಿದೆ. ಯಾರೋ ಬಿಸಿನೀರಿನಲ್ಲಿ ನೆನೆಹಾಕಿ, ಕೆಂಪು ಹರಿದು, ಧೋತರದ ಅಂಚು ಗುಲಾಬಿಯಾಗಿದೆ. ಬದುಕಿದ್ದಾಗ ಅವರಿಬ್ಬರು ಅಷ್ಟು ಹತ್ತಿರ ಕೂತದ್ದನ್ನು ಮನೆಯಲ್ಲಿ ಯಾರೂ ನೋಡಿಲ್ಲ. ಇಂಥ ಕೌದಿಗೆ ತಣ್ಣೀರೇ ಸರಿ. ನೆನೆಯಿಟ್ಟು ಮರೆಯಬಾರದು, ಒದ್ದೆಯಿದ್ದಾಗ ಮಡಿಚಿಡಲಂತೂ ಬಾರದು.

ಒದ್ದೆ ಕೌದಿಯ ಭಾರ ಎತ್ತಿದವರಿಗೇ ಗೊತ್ತು. ಒಂದೇ ಹಗ್ಗಕ್ಕೆ ಜೋತುಬಿಟ್ಟರೆ ಹೊಲಿಗೆ ಜಗ್ಗಿ ಆಕಾರ ಕೆಡುತ್ತದೆ. ಬಂಡೆಯೋ ಹೊರಸೋ, ಅಗಲಕ್ಕೆ ಹರವಬೇಕು. ಚೆಂದದ ಮೈ ಕೆಳಗಿರಲಿ, ಬಿಸಿಲು ಬಣ್ಣ ತಿನ್ನುತ್ತದೆ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕೌದಿಗೆ ಕವಂದಿ ಎಂದು ಹೆಸರು, ಅದರ ಮೂಲೆಗಳಲ್ಲಿ ಬಟ್ಟೆ ಮಡಿಚಿ ಮಾಡಿದ ‘ಫೂಲಾ’ಗಳಿರುತ್ತವೆ. ಅವಿಲ್ಲದ ಕವಂದಿ ಬತ್ತಲೆ ಎಂದೇ ಅವರ ಲೆಕ್ಕ. ನಡುವೆಲ್ಲ ಗರಿಗರಿ ಒಣಗಿದರೂ ಪದರ ಪದರದ ಆ ಮೂಲೆ ಹಸಿ ಉಳಿದಿರುತ್ತದೆ, ಮುಟ್ಟಿ ನೋಡಿಯೇ ಎತ್ತಬೇಕು.

ಈಗ ಹಳ್ಳದಲ್ಲಿ ನೀರಿಲ್ಲ, ಅಪಾರ್ಟ್‌ಮೆಂಟಿನಲ್ಲಿ ಬಂಡೆಯಿಲ್ಲ. ಮಷಿನ್ನಿಗೆ ತುರುಕಿದರೆ ಅದು ಒಮ್ಮೆ ನರಳಿ, ನಿಂತಲ್ಲೇ ಕುಣಿದು, ಕೆಂಪು ದೀಪ ತೋರಿಸುತ್ತದೆ. ಬಚ್ಚಲ ನೆಲದ ಮೇಲೆ ನಾನೊಬ್ಬನೇ ತುಳಿಯುತ್ತೇನೆ. ಕೆಳಮನೆಯವರು ಬಂದು ‘ಡಾನ್ಸ್ ಕ್ಲಾಸ್ ಶುರು ಮಾಡಿದ್ರಾ ಸಾರ್?’ ಎಂದು ಕೇಳಿ ಹೋಗಿದ್ದಾರೆ.

ಕೌದಿಯನ್ನು ದುಬಾರಿ ಬೆಲೆಗೆ ಕೊಂಡು, ಹೊಸತರಂತೆಯೇ ಉಳಿಯಬೇಕೆಂದು ಗೋಡೆಗೆ ತೂಗುಹಾಕುವವರಿದ್ದಾರೆ. ಹೊಸ ಕೌದಿ ಇನ್ನೂ ಬಿರುಸು. ನಾಲ್ಕಾರು ಒಗೆತ ಬಿದ್ದು, ದಾರ ಬಿಗಿದು, ಹೊಲಿಗೆಯ ನಡುವೆ ಬಟ್ಟೆ ಸುಕ್ಕುಗಟ್ಟಿ ಉಬ್ಬಿದ ಮೇಲೇ ಅದಕ್ಕೆ ಕಳೆ. ನಿಮ್ಮ ಮನೆಯಲ್ಲೊಂದಿದ್ದರೆ ಕಪಾಟಿನಲ್ಲಿ ನುಸಿಗುಳಿಗೆಯ ಜೊತೆ ಕೂಡಿಹಾಕಬೇಡಿ. ಹೊದೆಯಿರಿ, ಒಗೆಯಿರಿ, ಹರಿದಲ್ಲಿ ನಿಮ್ಮದೂ ಒಂದು ತುಂಡು ಸೇರಿಸಿ ಹೊಲಿಯಿರಿ.